ಪ್ರಜೆ ಎಂಬ ಮಾತು ನಡೆದು ಬಂದ ದಾರಿ

ಹಾಸನ–ಹೊಳೆನರಸೀಪುರ ಸೀಮೆಯ ಮೊಸಳೆಯಲ್ಲಿ ಹೊಯ್ಸಳರ ಜೋಡಿ ಗುಡಿಗಳಿವೆ: ನಾಗೇಶ್ವರ, ಚೆನ್ನಕೇಶವ. ಆ ಕಾಲದ ಶಾಸನಗಳಲ್ಲಿ ‘ಪ್ರಭುಗಾವುಂಡ’, ‘ಪ್ರಜೆಗಾವುಂಡ’ ಎಂಬ ಎರಡು ಹೆಸರು ಬರುತ್ತವೆ. ಪ್ರಭುಗಾವುಂಡ ಅಧಿಕಾರದ ಒಡೆಯ. ಪ್ರಜೆಗಾವುಂಡ ಒಕ್ಕಲ ಪರ ನಿಲ್ಲುವ ಗೌಡ ಎನ್ನುತ್ತಾರೆ ವಿದ್ವಾಂಸರು. ಅಲ್ಲಿ ಪ್ರಭು ಬೇರೆ, ಪ್ರಜೆ ಬೇರೆ. ಎರಡನ್ನೂ ಬೆಸೆದು ‘ಪ್ರಜಾಪ್ರಭುತ್ವ’ ಎನ್ನಲು ಶತಮಾನಗಳೇ ಹಿಡಿದವು.

ಸಂಸ್ಕೃತದಲ್ಲಿ ಪ್ರಜೆ ಎಂದರೆ ಮೊದಲು ಸಂತಾನ. ‘ಪ್ರಜೋತ್ಪತ್ತಿ’ ಸಂವತ್ಸರದ ಹೆಸರಿನಲ್ಲಿ ಆ ಅರ್ಥ ಇಂದಿಗೂ ಜೀವಂತ. ಆಮೇಲೆ ಅರಸ ತಂದೆಯಾದ, ಜನ ಮಕ್ಕಳಾದರು. ಮಕ್ಕಳು ಬೇಡಬಹುದು, ಲೆಕ್ಕ ಕೇಳುವಂತಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ‘ಪ್ರಜಾಪ್ರತಿನಿಧಿ ಸಭೆ’ ಕರೆದಾಗ ಬಂದ 144 ಜನ ಜಮೀನುದಾರರು, ವರ್ತಕರು. ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೂ ಅದು ದೊಡ್ಡ ಹೆಜ್ಜೆ: ಪ್ರಜೆಗೆ ಪ್ರತಿನಿಧಿ ಬೇಕೆಂದು ಅರಮನೆಯೇ ಒಪ್ಪಿತು.

ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲೂ ಪ್ರಜೆಗೆ ‘ಮ್ವಾನಾಂಚಿ’, ಅಂದರೆ ನಾಡಿನ ಮಗು. ಅಲ್ಲಿನ ಇನ್ನೊಂದು ಪದ ‘ರಾಯಾ’. ನಮ್ಮ ‘ರೈತ’ನಿಗೂ ಅದಕ್ಕೂ ಅರಬ್ಬಿ ಮೂಲ ಒಂದೇ, ಅರಬ್ಬಿಯಲ್ಲಿ ಅದರ ಅರ್ಥ ಆಳಿಸಿಕೊಳ್ಳುವ ಜನ. ಉಗಾಂಡಾದ ಚಿಂತಕ ಮಹಮೂದ್ ಮಮ್ದಾನಿ 1996ರ ಕೃತಿಯಲ್ಲಿ ತೋರಿಸಿದ್ದು ಇದನ್ನೇ: ವಸಾಹತು ಆಡಳಿತ ಹಳ್ಳಿಯವರನ್ನು ಮುಖ್ಯಸ್ಥರ ಕೈಕೆಳಗಿನ ಅಧೀನರಾಗಿಸಿತು, ಸ್ವಾತಂತ್ರ್ಯ ಬಂದರೂ ಆ ಕಟ್ಟು ಪೂರ್ತಿ ಕಳಚಲಿಲ್ಲ. ಕೀನ್ಯಾದಲ್ಲಿ 1982ರಿಂದ 1991ರವರೆಗೆ ಕಾನೂನೇ ಏಕಪಕ್ಷವನ್ನು ಹೇರಿತ್ತು. 2007ರ ಚುನಾವಣೆಯ ಬೆನ್ನಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ನಾಡು 2010ರ ಸಂವಿಧಾನದಲ್ಲಿ ಪರಮಾಧಿಕಾರ ಜನರದ್ದೆಂದು ಬರೆದುಕೊಂಡು 47 ಕೌಂಟಿಗಳಿಗೆ ಅಧಿಕಾರ ಹಂಚಿತು. 2017ರಲ್ಲಿ ಅದರ ಸುಪ್ರೀಂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನೇ ರದ್ದುಮಾಡಿತು. ‘ಆಫ್ರಿಕಾಕ್ಕೆ ಪ್ರಜಾಪ್ರಭುತ್ವ ಒಗ್ಗದು’ ಎನ್ನುವವರು ಈ ಎರಡನೆಯ ಅರ್ಧವನ್ನೂ ಓದಬೇಕು.

ನಾವು ಬೀಗುವ ಹಾಗೂ ಇಲ್ಲ. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಛಲ ಹಿಡಿದು ತಂದ ಜಿಲ್ಲಾ ಪರಿಷತ್ತಿಗೆ 1987ರಲ್ಲೇ ಮತ ಹಾಕಿ ದೇಶಕ್ಕೆ ದಾರಿ ತೋರಿದ ಕರ್ನಾಟಕದಲ್ಲಿ, 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ಉಳಿದವು. ಇದು ಪ್ರಜೆಯನ್ನು ಮತ್ತೆ ಮಗುವಾಗಿಸುವ ಕೆಲಸ, ತಪ್ಪು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ನಿಮ್ಮೂರಿನ ಮುಂದಿನ ಸಭೆ ಎಂದು ನಡೆಯುತ್ತದೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಹೋಗಿ ಕೂತು ಲೆಕ್ಕ ಕೇಳಿ.