ಪೂರ್ತಿ ರೀಸ್ಟೋರ್ ಮಾಡಿದ ಎಂಜಿಬಿ ಮಾರಾಟಕ್ಕಿದೆ!

ಇಂಗ್ಲೆಂಡಿನ ಹಳೇ ಕಾರುಗಳ ಜಾಹೀರಾತು ಓದುವ ಚಟ ನಿಮಗೂ ಇದ್ದರೆ ಈ ಒಕ್ಕಣೆ ಬಾಯಿಪಾಠವಾಗಿರುತ್ತೆ. ಎಂಜಿಬಿ ರೋಡ್‌ಸ್ಟರ್, ಮಡಚುವ ಬಟ್ಟೆಯ ಟಾಪು, ಕೆಂಪು ಬಣ್ಣ, ಸೈಕಲ್ ಚಕ್ರದಂತೆ ಕಡ್ಡಿಗಳಿರುವ ವೈರ್ ವೀಲು, ಪೂರ್ತಿ ರೀಸ್ಟೋರ್ ಮಾಡಿದ್ದು. ಮಿಕ್ಕಿದ್ದೆಲ್ಲ ಫೋಟೋದಲ್ಲೇ ಕಾಣುತ್ತೆ ಬಿಡಿ. ಆ ಕೊನೆಯ ಮಾತಿದೆಯಲ್ಲ, "ಪೂರ್ತಿ ರೀಸ್ಟೋರ್", ಅದರ ಅರ್ಥ ಏನು ಅಂತ ಕೆದಕಿದರೆ ಆ ಕಾರಿನ ಇಡೀ ಚರಿತ್ರೆಯೇ ಹೊರಗೆ ಬರುತ್ತೆ.

ಎಂಜಿ ಅಂದರೆ ಈಗ ನಮ್ಮ ಕಡೆ ಹೆಕ್ಟರ್ ನೆನಪಾಗುತ್ತದೆ. 2019ರಲ್ಲಿ ಭಾರತಕ್ಕೆ ಬಂದ ಆ ಗಾಡಿಗೆ ಹೆಸರು ಮಾತ್ರ ಹಳೇದು; ಬ್ರಾಂಡು ಅಷ್ಟು ಹೊತ್ತಿಗೆ ಚೀನಾದ ಕಂಪನಿಯ ಕೈ ಸೇರಿತ್ತು. ಮೂಲದಲ್ಲಿ ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ಒಂದು ಗ್ಯಾರೇಜು. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಬೇರೆ ಮೈ ತೊಡಿಸಿ ಮಾರಲು ಶುರುಮಾಡಿದ. ಅಂದರೆ ಒಳಗೊಂದು, ಹೊರಗೊಂದು ಅನ್ನುವುದು ಈ ಮನೆತನದಲ್ಲಿ ಹುಟ್ಟಿನಿಂದಲೇ ಇದೆ :) 1929ರಲ್ಲಿ ಕಾರ್ಖಾನೆ ಪಕ್ಕದ ಆಬಿಂಗ್ಡನ್ ಊರಿಗೆ ಹೋಯಿತು.

ಎಂಜಿಬಿ ಬಂದದ್ದು 1962ರಲ್ಲಿ. ಅದಕ್ಕೆ ಮುಂಚಿನ ಎಂಜಿಎಗೆ ಕೆಳಗೆ ಗಟ್ಟಿಯಾದ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ. ನಮ್ಮ ಲಾರಿಗಳ ಹಾಗೆಯೇ. ಸಿಡ್ ಎನೆವರ್ ಅನ್ನುವ ಎಂಜಿನಿಯರ್ ಮತ್ತವನ ಜೊತೆಗಾರರು ಎಂಜಿಬಿಯಲ್ಲಿ ಆ ಚಾಸಿಯನ್ನೇ ಕೈಬಿಟ್ಟರು. ತಗಡನ್ನು ಒತ್ತಿ, ಬೆಸೆದು ಮಾಡಿದ ಬಾಡಿಯೇ ಎಲ್ಲ ಭಾರವನ್ನೂ ಹೊರಬೇಕು. ಎಂಜಿನ್ 1798 ಸಿಸಿ, ಬಿಎಂಸಿಯ ಬಿ-ಸೀರೀಸ್. ಇಲ್ಲೊಂದು ಸ್ವಾರಸ್ಯ ಇದೆ. ನಮ್ಮ ಅಂಬಾಸಡರ್‌ನಲ್ಲಿ ವರ್ಷಾನುಗಟ್ಟಲೆ ದುಡಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಇದೇ ಬಿ-ಸೀರೀಸಿನದು. ಅಂಬಾಸಡರ್ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್ಕಿಗೆ ಎಂಜಿಬಿಯ ಬಾನೆಟ್ ಎತ್ತಿದರೆ ನೆಂಟರ ಮನೆಗೆ ಬಂದ ಹಾಗೆ ಅನ್ನಿಸಬೇಕು. ಎಂಜಿನ್ ಕೆಟ್ಟರೆ ಸರಿಮಾಡಬಹುದು. ಕಷ್ಟ ಇರುವುದು ಬಾಡಿಯಲ್ಲಿ.

ಮೇಲೆ ಚಾವಣಿ ಇಲ್ಲ, ಕೆಳಗೆ ಚಾಸಿ ಇಲ್ಲ. ಹಾಗಾದರೆ ಮುಂದಿನ ಚಕ್ರವನ್ನೂ ಹಿಂದಿನ ಚಕ್ರವನ್ನೂ ಹಿಡಿದಿಟ್ಟಿರುವುದು ಯಾವುದು? ಬಹುಮಟ್ಟಿಗೆ ಎರಡೂ ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಭಾಗ. ಇಂಗ್ಲಿಷರು ಅದಕ್ಕೆ ಸಿಲ್ ಅನ್ನುತ್ತಾರೆ. ನೋಡುವುದಕ್ಕೆ ಅಲಂಕಾರದ ಪಟ್ಟಿ, ಕೆಲಸದಲ್ಲಿ ಮನೆಯ ತೊಲೆ. ಅದರೊಳಗೆ ಕೆಸರು ತುಂಬಿ, ನೀರು ನಿಂತು, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪೂ ಸೇರಿ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಗುಳ್ಳೆ ಎದ್ದಾಗ ಒಳಗೆ ಕೆಲಸ ಮುಗಿದಿರುತ್ತೆ. ಕಾರು ನಡುವಲ್ಲಿ ಜಗ್ಗಲು ಶುರುವಾದರೆ ಬಾಗಿಲಿನ ಸಂದು ಮೇಲುಗಡೆ ಕಿರಿದಾಗುತ್ತದೆ. ಸರಿಯಾಗಿ ಆಧಾರ ಕೊಡದೆ ಹಳೇ ಸಿಲ್ ಕತ್ತರಿಸಿದ ಟಿಂಕರಿಂಗ್‌ನವನ ಕೈಯಲ್ಲಿ ಬಾಡಿ ಬಾಗಿಯೇ ಹೋಗುತ್ತದೆ. ಹಾಗೇ ವೆಲ್ಡಿಂಗ್ ಆದರೆ ಬಾಳು ಪೂರ್ತಿ ಬಾಗಿಲು ತಿಕ್ಕುತ್ತಾ ಇರಬೇಕು. ಇನ್ನು ಕೆಲವರು ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಮುಚ್ಚಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಬಿಡುತ್ತಾರೆ. ಅದೂ ಜಾಹೀರಾತಿನಲ್ಲಿ ರೀಸ್ಟೋರ್ ಆದ ಕಾರೇ!

ಆಬಿಂಗ್ಡನ್‌ಗೆ ಕಾರ್ಖಾನೆ ಬಂದು 50 ವರ್ಷವಾದ ಸಂಭ್ರಮವನ್ನು 1979ರ ಸೆಪ್ಟೆಂಬರ್‌ನಲ್ಲಿ ಊರೇ ಆಚರಿಸಿತು. ಆ ಹಬ್ಬದ ಬೆನ್ನಿಗೇ, ಸೆಪ್ಟೆಂಬರ್ 10ರ ಸೋಮವಾರ, ಕಾರ್ಖಾನೆ ಮುಚ್ಚುವ ಸುದ್ದಿಯನ್ನು ಬ್ರಿಟಿಷ್ ಲೇಲ್ಯಾಂಡ್ ಹೊರಡಿಸಿತು. ಎಂಥ ಮುಹೂರ್ತ ನೋಡಿ. 1980ರ ಅಕ್ಟೋಬರ್‌ನಲ್ಲಿ ಕೊನೆಯ ಎಂಜಿಬಿ ಹೊರಬಂತು. ಅಷ್ಟರಲ್ಲಿ ಕೂಪೆ ಮಾದರಿಯಾದ ಜಿಟಿಯೂ ಸೇರಿ 5 ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದವು. ಅವುಗಳಲ್ಲಿ ಬಹುಪಾಲು ಹಡಗು ಹತ್ತಿದ್ದು ಅಮೆರಿಕಕ್ಕೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಸಂಸ್ಥೆ, ಹಳೇ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿಯನ್ನು ಮತ್ತೆ ತಯಾರಿಸಿತು. ಕಾರಲ್ಲ, ಬರೀ ಮೈ. ತುಕ್ಕು ತಿಂದ ನಿಮ್ಮ ಕಾರಿನಿಂದ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಬಿಚ್ಚಿ ಇದಕ್ಕೆ ಹಾಕಿಕೊಳ್ಳಿ ಅಂತ. ಕಾರ್ಖಾನೆ ಮುಚ್ಚಿ ಎಂಟು ವರ್ಷದ ಮೇಲೆ ಹೊಸ ದೇಹ! ಇವತ್ತು "ಪೂರ್ತಿ ರೀಸ್ಟೋರ್" ಅನ್ನುವ ಎಷ್ಟೋ ಎಂಜಿಬಿಗಳು ನಿಂತಿರುವುದು ಇಂಥ ಬಾಡಿಯ ಮೇಲೆ.

ಹಾಗಾದರೆ ಅದು 1965ರ ಕಾರೋ, 1990ರದೋ? ಬ್ರಿಟನ್ನಿನ ವಾಹನ ನೋಂದಣಿ ಇಲಾಖೆಗೂ ಈ ತಲೆನೋವಿತ್ತು. 2025ರ ಆಗಸ್ಟ್‌ನಲ್ಲಿ ನಿಯಮ ಬದಲಾಗುವವರೆಗೆ ಅವರ ಲೆಕ್ಕ ಹೀಗಿತ್ತು: ಮೂಲದಂಥದೇ ಹೊಸ ಬಾಡಿ ಹಾಕಿದರೂ ಪರವಾಗಿಲ್ಲ, ಹಳೇ ಕಾರಿನ ಇನ್ನೆರಡು ಮುಖ್ಯ ಭಾಗ ಉಳಿದಿದ್ದರೆ ಹಳೇ ನಂಬರೇ ನಿಮ್ಮದು. ಪೂರ್ತಿ ಮಾರ್ಪಡಿಸಿದ ಗಾಡಿಗಳಿಗೆ ಬೇರೆ ಅಂಕಪಟ್ಟಿಯಿತ್ತು. ಅದರಲ್ಲಿ ಬಾಡಿಗೆ 5 ಅಂಕ, ಎಂಜಿನ್ನಿಗೆ ಬರೀ 1. ನಾವೆಲ್ಲ ಕಾರಿನ ಜೀವ ಎಂಜಿನ್ನಿನಲ್ಲಿದೆ ಅಂದುಕೊಂಡಿದ್ದೆವಲ್ಲ?

ನನ್ನ ಕೇಳಿದರೆ ಹೊಸ ಬಾಡಿ ಹಾಕುವುದು ತಪ್ಪಲ್ಲ. ಪುಟ್ಟಿ ಮೆತ್ತಿದ್ದಕ್ಕಿಂತ ಸಾವಿರ ಪಾಲು ವಾಸಿ. ನನಗೆ ಕಿರಿಕಿರಿ ಆಗುವುದು ಇನ್ನೊಂದು ಬಗೆಯ ರೀಸ್ಟೋರಿಗೆ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಲೆಬಾಗಿ 1974ರ ಕೊನೆಯ ಭಾಗದಿಂದ ಎಂಜಿಬಿಗೆ ಹೊಳೆಯುವ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ರಬ್ಬರ್ ಮೂತಿ ಬಂತು. ಕಾರನ್ನು ನೆಲದಿಂದ ಎತ್ತರಿಸಿದರು. ಅಲ್ಲಿಗೆ ಹೋದವುಗಳಲ್ಲಿ ಎರಡು ಎಸ್‌ಯು ಕಾರ್ಬುರೇಟರಿನ ಜಾಗದಲ್ಲಿ ಒಂದೇ ಸ್ಟ್ರಾಂಬರ್ಗ್ ಕೂತಿತು. ಓಟವೂ ಕುಂಠಿತ, ಅಂದವೂ ಹೋಯಿತು ಅಂತ ಅಭಿಮಾನಿಗಳ ಗೋಳು. ಈಗ ಅಂಥ 1977ರ ಕಾರಿಗೆ ಕ್ರೋಮ್ ಬಂಪರ್ ಹಾಕಿ, ತಗ್ಗಿಸಿ, ಅರವತ್ತರ ದಶಕದ ವೇಷ ತೊಡಿಸುತ್ತಾರೆ. ಚೆನ್ನಾಗಿಯೇ ಕಾಣುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಕಾರು ಯಾವತ್ತೂ ಹಾಗಿರಲೇ ಇಲ್ಲವಲ್ಲ! ಆ ಕಪ್ಪು ಮೂತಿ ಕುರೂಪವಾಗಿದ್ದರೂ ಎಂಜಿಯ ಕೊನೆಗಾಲದ ಸಂಕಟ ಅದರಲ್ಲೇ ಇದೆ.

ವೇಷವನ್ನು ಬಿಡಿಸುವ ದಾರಿಯಿದೆ. ಚಾಸಿ ನಂಬರ್ ಜಿಎಚ್‌ಎನ್ 3 ಅಂತ ಶುರುವಾದರೆ ಮೊದಲ ತಲೆಮಾರು, 4 ಅಂದರೆ 1967ರ ನಂತರದ ಮಾರ್ಕ್ 2, 5 ಅಂದರೆ 1969ರ ಕೊನೆಯಿಂದೀಚಿನದು. ಕಾರ್ಖಾನೆಯ ಹಳೇ ದಾಖಲೆಗಳು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿವೆ. ದುಡ್ಡು ಕಟ್ಟಿದರೆ ನಿಮ್ಮ ಕಾರು ಎಂದು ಹುಟ್ಟಿತು, ಯಾವ ಬಣ್ಣ, ಯಾವ ದೇಶಕ್ಕೆ ಹೋಯಿತು ಅಂತ ಸರ್ಟಿಫಿಕೇಟ್ ಕೊಡುತ್ತಾರೆ.

ಇಷ್ಟೆಲ್ಲ ಮಾಡಿದ ಕಾರಿಗೆ ಸಿಗುವ ಬೆಲೆ ಎಷ್ಟೋ ಸಲ ರೀಸ್ಟೋರಿನ ಖರ್ಚಿಗೂ ಸಾಲುವುದಿಲ್ಲ. ಲಕ್ಷಗಟ್ಟಲೆ ತಯಾರಾದ ಕಾರಲ್ಲವೇ, ಅಪರೂಪ ಅನ್ನುವ ಹಾಗಿಲ್ಲ. ವರ್ಷಗಟ್ಟಲೆ ಭಾನುವಾರಗಳನ್ನು ಶೆಡ್ಡಿನಲ್ಲಿ ಕಳೆದವರು ನಷ್ಟಕ್ಕೇ ಮಾರುತ್ತಾರೆ. ಅಂಥವರ ಹತ್ತಿರ ಸಾಮಾನ್ಯವಾಗಿ ಬಿಲ್ಲುಗಳ, ಫೋಟೋಗಳ ಒಂದು ದಪ್ಪ ಫೈಲ್ ಇರುತ್ತೆ. ಕಾರಿಗಿಂತ ಮುಂಚೆ ಅದನ್ನು ಕೇಳಿ, ಸಿಲ್ ಮುಚ್ಚುವ ಮೊದಲು ತೆಗೆದ ಫೋಟೋ ಇದೆಯಾ ನೋಡಿ.