ರೋಡ್ಸ್ ವಿದ್ಯಾರ್ಥಿವೇತನ

ಹಲವು ದೇಶಗಳ ಪ್ರತಿಭಾವಂತ ಪದವೀಧರರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಕೊಡುವ ವೇತನ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಸಿರಿವಂತನಾಗಿ 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್‌ನ ಉಯಿಲಿನಿಂದ ಇದು ಹುಟ್ಟಿತು. ಅವನ ವಸಾಹತುಶಾಹಿ ನಡೆಗಳ ಬಗೆಗಿನ ಆಕ್ಷೇಪ ಇಂದಿಗೂ ನಿಂತಿಲ್ಲ. ಅದು ನ್ಯಾಯವೂ ಹೌದು. ಆಯ್ಕೆಗೆ ಅಂಕಗಳಷ್ಟೇ ಸಾಲವು, ನಾಯಕತ್ವ, ನಡತೆ, ಪರಹಿತದ ಕಾಳಜಿಯನ್ನೂ ತೂಗುತ್ತಾರೆ. ಮಹಿಳೆಯರಿಗೆ ಇದು ದೊರೆತದ್ದು 1977ರಿಂದ, ತೀರ ತಡವಾಗಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಈ ವೇತನ ಪಡೆದು 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಕಲಿತರು. ಅಲ್ಲಿನ ಹೆಸರಾಂತ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿ ಅವರು ಬರೆದ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು.