ಒತ್ತೆ ಬಿಡಿಸುವ ಆತುರ

ಕಳೆದ ದೀಪಾವಳಿಯ ಮರುದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ವಾದ ನಡೆಯಿತು. ವಾದದ ವಿಷಯ ಸಾಹಿತ್ಯವಲ್ಲ. ಎರಡು ಲಕ್ಷ ರೂಪಾಯಿ. ಬಹಳ ದಿನಗಳಿಂದ ನಿಂತಿದ್ದ ನನ್ನ ವೇತನದ ಬಾಕಿ ಒಟ್ಟಿಗೇ ಕೈಗೆ ಬಂದಿತ್ತು. ಎಂಟು ವರ್ಷಗಳ ಹಿಂದೆ ಕಲಬುರಗಿಯಲ್ಲಿ ಮನೆ ಕೊಂಡಾಗ ಬ್ಯಾಂಕಿನಿಂದ ೨೦ ಲಕ್ಷ ರೂಪಾಯಿಗಳನ್ನು ೨೦ ವರ್ಷಗಳ ಕರಾರಿನ ಮೇಲೆ ಪಡೆದಿದ್ದೆವು. ಮನೆಯ ಗೋಡೆಗಳು ನಮ್ಮವು, ಕಾಗದಪತ್ರಗಳು ಬ್ಯಾಂಕಿನವು. ಬಂದ ಹಣವನ್ನೆಲ್ಲ ಆ ಸಾಲಕ್ಕೇ ತುಂಬಿಬಿಡಬೇಕೆಂದು ನಾನು ಹಟ ಹಿಡಿದೆ.

ಹಟಕ್ಕೆ ಕಾರಣವಿಲ್ಲದೆ ಇರಲಿಲ್ಲ. ಲೆಕ್ಕದ ಅನುಕೂಲಕ್ಕಾಗಿ ಬಡ್ಡಿಯ ದರ ನೂರಕ್ಕೆ ಎಂಟೂವರೆ ಎಂದೂ, ಅದು ಬದಲಾಗುವುದಿಲ್ಲವೆಂದೂ ಹಿಡಿಯೋಣ. ತಿಂಗಳ ಕಂತು ಸುಮಾರು ೧೭,೩೫೬ ರೂಪಾಯಿ. ಮೊದಲನೆಯ ಕಂತಿನಲ್ಲಿ ೧೪,೧೬೭ ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ಮೂರು ಸಾವಿರದ ಮೇಲೆ ಚಿಲ್ಲರೆ ಮಾತ್ರ. ಎಂಟು ವರ್ಷಗಳಲ್ಲಿ ೧೬ ಲಕ್ಷ ೬೬ ಸಾವಿರ ಕಟ್ಟಿದ ಮೇಲೂ ಕರಗುವ ಅಸಲು ೪ ಲಕ್ಷ ೩೬ ಸಾವಿರವನ್ನು ಹೆಚ್ಚು ಮೀರುವುದಿಲ್ಲ. ಇಪ್ಪತ್ತು ವರ್ಷ ಮುಗಿಯುವಾಗ ಕೊಟ್ಟ ಹಣ ೪೧ ಲಕ್ಷವನ್ನು ದಾಟಿರುತ್ತದೆ. ಈ ಲೆಕ್ಕವನ್ನು ಒಮ್ಮೆ ಕಂಡ ಮನುಷ್ಯನಿಗೆ ನಿದ್ದೆ ಹೇಗೆ ಬರಬೇಕು?

ನನ್ನ ಮನೆಯವರು ಕಾಗದವನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ಎಲ್ಲಾ ಅಲ್ಲೇ ತುಂಬಿದ್ರ, ನಾಳಿ ಅತ್ತಿಯವರಿಗಿ ದವಾಖಾನಿ ಖರ್ಚು ಬಂದ್ರ ಮತ್ತ ಸಾಲಕ್ಕ ಹೋಗೋದೇನ್ರಿ? ಆಯಿ ಮಾತು ಮರತ್ರಿ?" ಎಂದರು.

ಆಯಿ ಎಂದರೆ ನನ್ನ ಅಜ್ಜಿ. ಆಕೆಯ ಮಾತಿಗೂ ನಮ್ಮ ಹಳೆಯ ತಗಡಿನ ಪೆಟ್ಟಿಗೆಯಲ್ಲಿರುವ ಒಂದು ಕಾಗದಕ್ಕೂ ಸಂಬಂಧವಿದೆ. ಅದನ್ನು ತಿಳಿಸುವ ಮೊದಲು, ಒತ್ತೆಯ ವಿಚಾರದಲ್ಲಿ ನಮ್ಮ ಸೀಮೆ ಹಿಂದೆ ಹೇಗೆ ಯೋಚಿಸಿತ್ತೆಂಬುದನ್ನು ಸ್ವಲ್ಪ ನೋಡಬೇಕು.

ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆತನ ಊರೆಂದು ವಿದ್ವಾಂಸರು ಗುರುತಿಸುವ ಮರತೂರು ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಆಸ್ತಿಯ ಪಾಲಿನ ವಿಚಾರದಲ್ಲಿ ಮಿತಾಕ್ಷರೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ; ಅದರಲ್ಲಿ ಸಾಲದ ಪ್ರಕರಣವೂ ಒಂದಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅಲ್ಲಿ ಒತ್ತೆಗೆ 'ಆಧಿ' ಎಂದು ಹೆಸರು. ಪೆಟ್ಟಿಗೆಯಲ್ಲಿ ಕಾಪಾಡಿ ಇಡತಕ್ಕದ್ದು ಗೋಪ್ಯಾಧಿ. ಸಾಲ ಕೊಟ್ಟವನು ಅನುಭವಿಸತಕ್ಕದ್ದು ಭೋಗ್ಯಾಧಿ. ಬೆಂಗಳೂರಿನಲ್ಲಿ ಇಂದಿಗೂ ಮನೆಯನ್ನು 'ಭೋಗ್ಯಕ್ಕೆ' ಹಾಕುತ್ತಾರಲ್ಲ, ಆ ಮಾತಿನ ಬೇರು ಇಲ್ಲಿದೆ.

ಸ್ಮೃತಿಯು ಈ ಎರಡಕ್ಕೂ ಬೇರೆ ಬೇರೆ ನಿಯಮ ಹೇಳುತ್ತದೆ. ಇಟ್ಟ ಒಡವೆಯ ಮೇಲಿನ ಸಾಲ ಬೆಳೆದು ಎರಡು ಪಟ್ಟಾಗಿ, ಆಗಲೂ ಬಿಡಿಸದಿದ್ದರೆ ಒಡವೆ ಹೋಯಿತು. ಆದರೆ ಫಲವನ್ನು ಅನುಭವಿಸುವ ಒತ್ತೆ, ಎಂದರೆ ಹೊಲ ತೋಟ, ಎಷ್ಟು ಕಾಲವಾದರೂ ಯಜಮಾನನ ಕೈ ತಪ್ಪುವುದಿಲ್ಲ. ಇನ್ನೂ ಒಂದು ನಿಯಮ ನನಗೆ ಬಹಳ ಪ್ರಿಯವಾದುದು. ಸಾಲಗಾರನು ಹಣ ಹಿಡಿದುಕೊಂಡು ಬಂದಾಗ ಒತ್ತೆಯನ್ನು ಬಿಟ್ಟುಕೊಡಲೇಬೇಕು. ಬಿಡದವನು ಕಳ್ಳನಿಗೆ ಸಮಾನ. ಸಾಲ ಕೊಟ್ಟವನು ಊರಲ್ಲಿಲ್ಲದಿದ್ದರೆ ಅವನ ಮನೆಯವರ ಕೈಯಲ್ಲಿ ಹಣವಿಟ್ಟು ಒತ್ತೆಯನ್ನು ಪಡೆಯಬಹುದು. ಸಾಲ ತೀರಿಸಲು ಬಂದವನನ್ನು ಬಾಗಿಲಲ್ಲಿ ಕಾಯಿಸುವ ಚಾಳಿ ಆಗಲೂ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ, ಇಲ್ಲದಿದ್ದರೆ ನಿಯಮವೇಕೆ?

ಬಡ್ಡಿಯು ಅಸಲನ್ನು ಮೀರಬಾರದೆಂಬ 'ದಾಮ್‌ದುಪ್ಪಟ್ಟು' ನಿಯಮವೂ ಈ ಸ್ಮೃತಿಗಳ ಕಾಲದ್ದೇ. ಆದರೆ ಅದಕ್ಕೊಂದು ಸಂದು ಇದೆ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಗೆ ಮಾತ್ರ ಆ ಮಿತಿ. ತಿಂಗಳು ತಿಂಗಳು ತೆಗೆದುಕೊಳ್ಳುವವನಿಗೆ ಅಲ್ಲ. ನನ್ನ ೨೦ ಲಕ್ಷ ೪೧ ಲಕ್ಷವಾಗುವುದಕ್ಕೆ ಪುರಾತನರೂ ಅಡ್ಡ ಬರುವಂತಿಲ್ಲ.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅವರ ಸಿಟ್ಟು ಹೆಚ್ಚಾಗಿ ಕಾಗದದ ಮೇಲಿತ್ತು, ಮನುಷ್ಯರ ಮೇಲಲ್ಲ. ಅದರ ಫಲವಾಗಿ ೧೮೭೯ರಲ್ಲಿ ದಖ್ಖನ್ ರೈತರ ಪರಿಹಾರದ ಕಾಯದೆ ಬಂದಿತು. ಪತ್ರದಲ್ಲಿ ಏನೇ ಬರೆದಿರಲಿ, ಮೊದಲು ಕೈಗೆ ಬಂದ ಹಣವೆಷ್ಟು, ಆಮೇಲೆ ಸೇರಿದ ಬಡ್ಡಿಯೆಷ್ಟು ಎಂದು ನ್ಯಾಯಾಲಯವೇ ಹಿಂದಕ್ಕೆ ಹೋಗಿ ಲೆಕ್ಕ ತೆಗೆಯಬಹುದಾಯಿತು. ಸಾಲವನ್ನು ಕಂತುಗಳಲ್ಲಿ ತೀರಿಸಲು ಅಪ್ಪಣೆ ಕೊಡಬಹುದಾಯಿತು. ಈ ಕಾಯದೆ ಮೊದಲು ಅನ್ವಯಿಸಿದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು.

ಆಳಂದದಿಂದ ಸೊಲ್ಲಾಪುರ ಎಷ್ಟು ದೂರ? ನಡುವೆ ಅಕ್ಕಲಕೋಟೆಯ ಸೀಮೆ, ಅದನ್ನು ದಾಟಿದರೆ ಸೊಲ್ಲಾಪುರ. ಅಫಜಲಪುರದವರಿಗೆ ಇಂಡಿ ನೆರೆ, ಜೇವರ್ಗಿಯವರಿಗೆ ಸಿಂದಗಿ ನೆರೆ. ಅದೇ ಭೀಮೆ, ಅದೇ ಎರಿ ಮಣ್ಣು, ಅದೇ ಬಿಳಿಜೋಳ. ಆದರೆ ಗಡಿಯ ಆಚೆ ಮುಂಬಯಿ ಸರಕಾರ, ಈಚೆ ನಿಜಾಮರ ರಾಜ್ಯ. ಆಳಂದ, ಅಫಜಲಪುರಗಳು ಪಾಯಗಾ ಅಮೀರರ ಕೈಯಲ್ಲಿದ್ದ ಸೀಮೆ. ನೆರೆಯ ಜಿಲ್ಲೆಯ ಕಾಯದೆಯ ಗಾಳಿ ಇಲ್ಲಿಗೆ ಬೀಸಲಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದರು. ಹೈದರಾಬಾದು ರಾಜ್ಯದಲ್ಲಿ ಸಹಕಾರಿ ಕಾಯದೆ ಬಂದುದು ೧೯೧೪ರಲ್ಲಿ. ಲೇವಾದೇವಿಯ ಮೇಲೆ ಹಿಡಿತ ತರುವ, ರೈತರ ಸಾಲವನ್ನು ರಾಜಿ ಮಾಡಿಸುವ ಕಾಯದೆಗಳು ಬಂದುದು ೧೯೩೦ರ ದಶಕದ ಕೊನೆಯಲ್ಲಿ. ಕಾಯದೆ ಬಂದಷ್ಟು ಬೇಗ ಹಳ್ಳಿಗೆ ಹಣ ಬರಲಿಲ್ಲ. ಮದುವೆ, ಸಾವು, ಎತ್ತು, ಬೀಜ ಎಂದರೆ ಸಾಹುಕಾರನ ಕಟ್ಟೆಯೇ ಗತಿ.

ನಮ್ಮ ಮುತ್ಯಾನೂ ಆ ಕಟ್ಟೆಯನ್ನು ಏರಿದವನೇ. ಪೆಟ್ಟಿಗೆಯಲ್ಲಿರುವ ಕಾಗದ ಫಸಲಿ ೧೩೫೫ರದು, ಎಂದರೆ ೧೯೪೬ನೆಯ ಇಸವಿಯದು. ಅದು ಉರ್ದುವಿನಲ್ಲಿದೆ. ಕನ್ನಡದಲ್ಲಿ ಎಂ.ಎ. ಮಾಡಿ, ಹಳಗನ್ನಡ ಶಾಸನಗಳನ್ನು ಹುಡುಗರಿಗೆ ಪಾಠ ಹೇಳುವ ನಾನು ನನ್ನ ಮುತ್ಯಾನ ಹೊಲದ ಕಾಗದವನ್ನು ಉರ್ದು ವಿಭಾಗದ ಗೆಳೆಯರಿಂದ ಓದಿಸಿಕೊಳ್ಳಬೇಕಾಯಿತು. ಮುತ್ಯಾನೂ ಅದನ್ನು ಓದಿದವನಲ್ಲ. ಕೆಳಗೆ ಹೆಬ್ಬೆಟ್ಟು ಒತ್ತಿದ್ದಾನೆ. ತನ್ನ ತಂಗಿಯ ಮದುವೆಗಾಗಿ ಆರು ಎಕರೆ ಎರಿ ಹೊಲವನ್ನು ೩೫೦ ರೂಪಾಯಿ ಹಾಲಿ ಸಿಕ್ಕಾಕ್ಕೆ ಹನ್ನೆರಡು ವರ್ಷ ಕಬ್ಜಾ ಸಹಿತ ಒತ್ತೆ ಇಟ್ಟಿದ್ದನು. ಬಡ್ಡಿಯೆಂದು ಒಂದು ದುಡ್ಡೂ ಇಲ್ಲ. ಬಡ್ಡಿಯ ಬದಲು ಬೆಳೆ. ಕೇಳಲು ಎಷ್ಟು ಸುಲಭ! ಆದರೆ ಹನ್ನೆರಡು ಬೆಳೆ ಉಂಡ ಮೇಲೂ ಅಸಲು ೩೫೦ ಇದ್ದಲ್ಲೇ ಇರುತ್ತದೆ.

ಈ ಹನ್ನೆರಡು ವರ್ಷಗಳ ನಡುವೆ ಲೋಕವೇ ಬದಲಾಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ೧೯೪೯ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು, ಪಾಯಗಾಗಳೂ ಹೋದವು. ೧೯೫೦ರಲ್ಲಿ ಗೇಣಿದಾರರ ಕಾಯದೆ ಬಂದಿತು. ವ್ಯವಹಾರ ಹಾಲಿ ಸಿಕ್ಕಾದಿಂದ ಕಲ್ದಾರಿಗೆ ತಿರುಗಿತು. ಮುತ್ಯಾನಿಗೆ ಮಾತ್ರ ಒಂದೇ ಧ್ಯಾನ: ಅವಧಿಗಿಂತ ಮೊದಲೇ ಹೊಲ ಬಿಡಿಸಬೇಕು. ತನ್ನ ಹೊಲದಲ್ಲಿ ಬೇರೆಯವರ ರಾಶಿ ನೋಡುವುದು ಅವನಿಂದ ಆಗುತ್ತಿರಲಿಲ್ಲವೆಂದು ಆಯಿ ಹೇಳುತ್ತಿದ್ದಳು. ಆ ಹೊಲದ ದಾರಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದನಂತೆ.

೧೯೫೬ರ ಯುಗಾದಿಗೆ, ಕರಾರು ಮುಗಿಯಲು ಇನ್ನೂ ಎರಡು ವರ್ಷವಿರುವಾಗ, ಅವನು ಹಣ ಹಿಡಿದು ಹೋದನು. ಸಾಹುಕಾರನು ಎರಡು ಅಡ್ಡಿ ಒಡ್ಡಿದನು. ಅವಧಿ ಮುಗಿದಿಲ್ಲ ಎಂಬುದು ಒಂದು. ಬೇಕಾದರೆ ೩೫೦ ಕಲ್ದಾರ್ ಕೊಡು ಎಂಬುದು ಇನ್ನೊಂದು. ಮೊದಲನೆಯದು ಅನ್ಯಾಯವಾಗಿ ಕಂಡರೂ ಕಾಯದೆಗೆ ದೂರವಲ್ಲ. ೧೮೮೨ರ ಆಸ್ತಿ ಹಸ್ತಾಂತರ ಕಾಯದೆಯ ೬೦ನೆಯ ಕಲಮು ಒತ್ತೆ ಬಿಡಿಸಿಕೊಳ್ಳುವ ಹಕ್ಕನ್ನು ಕೊಡುವುದು ಹಣ ಸಲ್ಲಿಸುವ ಗಡುವು ಬಂದ ಮೇಲೆ. ಬೇಗ ತೀರಿಸುವವನಿಗೆ ಕಾಯದೆ ವಿಶೇಷ ಮರ್ಯಾದೆ ಕೊಟ್ಟಿಲ್ಲ. ಎರಡನೆಯದು ಮಾತ್ರ ಶುದ್ಧ ಮೋಸ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ಅಂದಿನ ದರ. ೩೫೦ ಹಾಲಿ ಎಂದರೆ ಸರಿಯಾಗಿ ೩೦೦ ಕಲ್ದಾರ್. ಊರಿನ ಶಾಲೆಯ ಮಾಸ್ತರರೊಬ್ಬರು ನಾಲ್ಕು ಜನರೆದುರು ಈ ಲೆಕ್ಕವನ್ನು ಬಿಡಿಸಿ ಹೇಳಿದರಂತೆ. ಹಿರಿಯರು ಕೂತು ೩೦೦ಕ್ಕೇ ಒಪ್ಪಿಸಿದರು. ಹೊಲ ಮನೆಗೆ ಬಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆ ೩೦೦ ರೂಪಾಯಿ ಎಲ್ಲಿಂದ ಬಂದಿತ್ತು? ಮುತ್ಯಾ ಎತ್ತಿನ ಜೋಡಿ ಮಾರಿದ್ದನು. ಹಗೇವಿನಲ್ಲಿದ್ದ ಜೋಳವನ್ನೆಲ್ಲ ತೆಗೆಸಿ ಮಾರಿದ್ದನು. ಆಯಿಯ ಬೋರಮಾಳ ಹೋಗಿತ್ತು. ಹೊಲ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಲು ಬೇಳೆಯಿರಲಿಲ್ಲ. ಮುಂಗಾರಿಗೆ ಹರಗಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ, ಉಣ್ಣಲು ಕಾಳಿಲ್ಲ. ಬಾಡಿಗೆಯ ಎತ್ತು ತಂದರು. ಬೀಜಕ್ಕೂ ಹೊಟ್ಟೆಗೂ ಸವಾಯಿಯ ಮೇಲೆ ಜೋಳ ತಂದರು. ಒಂದು ಚೀಲ ತಂದರೆ ಸುಗ್ಗಿಗೆ ಒಂದೂಕಾಲು ಚೀಲ ಅಳೆಯಬೇಕು. ತಂದುದು ಅದೇ ಸಾಹುಕಾರನ ಮನೆಯಿಂದ! ಮೂರನೆಯ ವರ್ಷಕ್ಕೆ ಆರು ಎಕರೆಯಲ್ಲಿ ಮೂರು ಎಕರೆ ಮತ್ತೆ ಒತ್ತೆಗೆ ಹೋಯಿತು. ಅದು ತಿರುಗಿ ಬಂದುದು ೧೯೬೮ರಲ್ಲಿ.

ಈ ಎರಡನೆಯ ಸಲ ಮನೆಯ ಲೆಕ್ಕ ಆಯಿಯ ಕೈಯಲ್ಲಿತ್ತು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ರಾಶಿಯಾದ ಕೂಡಲೇ ಕಾಳನ್ನು ಮೂರು ಪಾಲು ಮಾಡಿಸುವಳು: ವರ್ಷದ ಊಟ ಮತ್ತು ಬೀಜಕ್ಕೆ ಒಂದು, ಹಗೇವಿಗೆ ಒಂದು, ಸಾಲಕ್ಕೆ ಒಂದು. ಸಾಲದ ಪಾಲಿಗೆ ಹಗೇವಿನದನ್ನು ಸೇರಿಸಿದರೆ ಎರಡು ವರ್ಷ ಮೊದಲೇ ಮುಗಿಯುತ್ತದೆಂದು ಮುತ್ಯಾ ಎಷ್ಟು ಹೇಳಿದರೂ ಕೇಳಲಿಲ್ಲ. "ಹೊಲ ಬಂದು ಹಗೇವು ಖಾಲಿ ಆದ್ರ, ಹೊಲ ಬಂದಂಗಲ್ಲ" ಎಂಬುದೇ ಆಕೆಯ ಉತ್ತರ. ನಾಲ್ಕು ವರ್ಷಕ್ಕೆ, ೧೯೭೨ರಲ್ಲಿ, ದೊಡ್ಡ ಬರ ಬಿದ್ದಿತು. ನಮ್ಮ ಸೀಮೆಯ ಅನೇಕರು ದನ ಮಾರಿ ಊರು ಬಿಟ್ಟರು. ಆ ವರ್ಷ ಹಗೇವು ತೆರೆಯಿತು. ಹೊಲ ಉಳಿಯಿತು. ನಮ್ಮ ಅಪ್ಪನ ಓದು ಉಳಿದುದೂ, ಅದರಿಂದ ನನ್ನ ಓದು ನಡೆದುದೂ ಆ ಹಗೇವಿನಿಂದಲೇ ಎಂದು ನಾನು ನಂಬಿದ್ದೇನೆ.

ಆಮೇಲಿನ ಚರಿತ್ರೆ ಓದುಗರಿಗೆ ಗೊತ್ತಿರುವಂಥದೇ. ದೇವರಾಜ ಅರಸರ ಕಾಲದಲ್ಲಿ ೧೯೭೬ರ ಋಣ ಪರಿಹಾರ ಕಾಯದೆಯು ವರ್ಷಕ್ಕೆ ೨,೪೦೦ ರೂಪಾಯಿ ಮೀರದ ಆದಾಯದ ಬಡವರ ಖಾಸಗಿ ಸಾಲಗಳನ್ನು ತೊಡೆದುಹಾಕಿ, ಅಡವಿಟ್ಟ ವಸ್ತುಗಳನ್ನು ಮರಳಿ ಕೊಡಿಸಿತು. ೨೦೧೨ರಲ್ಲಿ ರಿಜರ್ವ್ ಬ್ಯಾಂಕು, ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಭೋಗ್ಯದ ಒತ್ತೆಯು ಕೇವಲ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ಯಜಮಾನನ ಕೈಬಿಡುವುದಿಲ್ಲವೆಂದು ತೀರ್ಪಿತ್ತಿತು. ೨೦೨೩ರ ಡಿಸೆಂಬರಿನಿಂದ, ಸಾಲ ತೀರಿದ ೩೦ ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಕೊಡದೆ ತನ್ನ ತಪ್ಪಿನಿಂದ ತಡಮಾಡಿದ ಬ್ಯಾಂಕು ದಿನಕ್ಕೆ ೫,೦೦೦ ರೂಪಾಯಿ ಪರಿಹಾರ ತೆರಬೇಕು. ಮಿತಾಕ್ಷರೆಯ ಆ ಪ್ರಕರಣವನ್ನು ಓದಿದವನಿಗೆ ಇವೆಲ್ಲ ಹೊಸ ಮಾತುಗಳೆನಿಸುವುದಿಲ್ಲ. ಹಣ ಹಿಡಿದು ಬಂದವನಿಗೆ ಬಾಗಿಲು ತೆರೆದಿರಬೇಕೆಂಬುದನ್ನೇ ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ.

ಆ ಬಾಗಿಲನ್ನು ಕಾಯದೆ ತೆರೆದಿಡಬಹುದು. ಅದರಿಂದ ಹೊರಗೆ ಬಂದವನು ಎರಡು ವರ್ಷಕ್ಕೆ ಮತ್ತೆ ಒಳಗೆ ಹೋಗದಂತೆ ನೋಡಿಕೊಳ್ಳುವ ಕೆಲಸ ಕಾಯದೆಯದಲ್ಲ, ಮನೆಯದು. ಮುತ್ಯಾನ ಆತುರವನ್ನು ನಾನು ಹಳಿಯಲಾರೆ. ಸಾಲದಲ್ಲಿರುವವನಿಗೆ ಬಡ್ಡಿಗಿಂತ ಮನಸ್ಸಿನ ಭಾರವೇ ಹೆಚ್ಚು. ಆ ಭಾರವನ್ನು ಒಮ್ಮೆಗೇ ಇಳಿಸಿಬಿಡಬೇಕೆಂದು ಜೀವ ಹಾತೊರೆಯುತ್ತದೆ. ಆದರೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದವಳ ಲೆಕ್ಕವೇ ಕೊನೆಗೆ ಸರಿಯಾಯಿತು.

ನಮ್ಮ ವಾದ ಮುಗಿದುದು ಹೀಗೆ. ಎರಡು ಲಕ್ಷವನ್ನೂ ತುಂಬಿದರೆ ಮುಂದಿನ ಕಂತುಗಳಲ್ಲಿ ಸುಮಾರು ಇಪ್ಪತ್ತೆಂಟು ತಿಂಗಳು ಕಡಮೆಯಾಗುತ್ತಿತ್ತು. ಒಂದು ಲಕ್ಷ ತುಂಬಿದರೆ ಹದಿನೈದು. ಒಂದು ಲಕ್ಷ ತುಂಬಿದೆವು. ಇನ್ನೊಂದು ಲಕ್ಷವನ್ನು ಬೇರೆ ಖಾತೆಯಲ್ಲಿಟ್ಟೆವು. ಆ ಖಾತೆಯ ಪುಸ್ತಕದ ರಟ್ಟಿನ ಮೇಲೆ ನನ್ನ ಮನೆಯವರು 'ಹಗೇವು' ಎಂದು ಬರೆದಿದ್ದಾರೆ. ಮೊನ್ನೆ ಬ್ಯಾಂಕಿನ ಹುಡುಗನೊಬ್ಬ ಅದನ್ನು ನೋಡಿ, ಹಾಗೆಂದರೇನು ಸಾರ್ ಎಂದು ಕೇಳಿದನು. ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಹೇಳುತ್ತೇನೆಂದು ಹೇಳಿ ಹೊರಗೆ ಬಂದೆ. ಅವನಿಗಾಗಿಯೇ ಇದನ್ನು ಬರೆದಿದ್ದೇನೆ.